ಅಟ್ಟಿಯೊಳಗೇ ಹರಿದ ರಬ್ಬರ್

ಮುಳ್ಳೇರಿಯ ಕಡೆಯ ನಮ್ಮ ಗುಡ್ಡೆಯಲ್ಲಿ ಮುನ್ನೂರು ಚಿಲ್ಲರೆ ರಬ್ಬರ್ ಮರಗಳಿವೆ. ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ಮೇಲೆ, ಮರ ಕೆತ್ತುವುದೊಂದನ್ನು ಟ್ಯಾಪಿಂಗಿನವರಿಗೆ ಬಿಟ್ಟು, ರಬ್ಬರ್ ಹಾಲು ಹೆಪ್ಪುಗಟ್ಟಿಸುವುದರಿಂದ ಶೀಟನ್ನು ಹೊಗೆಗೆ ಹಾಕುವವರೆಗಿನ ಕೆಲಸವನ್ನೆಲ್ಲ ನಾನೇ ನೋಡಿಕೊಳ್ಳುತ್ತೇನೆ. ಒಂದು ವರ್ಷ ಧಾರಣೆ ಏರೀತೆಂಬ ಆಸೆಯಿಂದ, ಒಣಗಿದ ಶೀಟುಗಳನ್ನು ಜನವರಿಯ ಕೊನೆಗೆ ತಗಡಿನ ಮಾಡಿನ ಕೋಣೆಯಲ್ಲಿ ಎದೆಮಟ್ಟಕ್ಕೆ ಅಟ್ಟಿ ಹಾಕಿ, ಜಾಗ ಸಾಲದೆ ಅದರ ಮೇಲೆಯೇ ಎರಡು ಗೋಣಿ ಅಡಿಕೆಯನ್ನೂ ಇಟ್ಟು, ವಿಷುವಿನವರೆಗೆ ಹಾಗೆಯೇ ಬಿಟ್ಟೆ. ಅಟ್ಟಿ ಬಿಚ್ಚಿದಾಗ ಮೇಲಿನ ಶೀಟುಗಳು ಸರಿಯಾಗಿಯೇ ಇದ್ದವು. ಕೆಳಗಿನವು ಮಾತ್ರ ಒಂದಕ್ಕೊಂದು ಕೂಡಿ ಗಟ್ಟಿಯಾಗಿದ್ದವು. ಅಚ್ಚಿನ ರೋಲರ್ ಮೂಡಿಸಿದ್ದ ಗೆರೆಗಳು ಅಳಿದುಹೋಗಿದ್ದವು. ಅಂಚುಗಳು ದೋಸೆ ಹಿಟ್ಟು ಕಾವಲಿಯಲ್ಲಿ ಹರಡಿದಂತೆ ಹೊರಗೆ ಉಬ್ಬಿದ್ದವು. ಶೀಟಿನ ದರ್ಜೆಯನ್ನು ಬೆಳಕಿಗೆ ಹಿಡಿದು ನೋಡಿ ಹೇಳುವುದು ಕ್ರಮ. ಖರೀದಿಯವರು ಒಂದು ಮೂಲೆಯನ್ನು ಎಳೆದು ನೋಡಿ, “ಬಿಡಿಸಲಿಕ್ಕೇ ಬಾರದ್ದಕ್ಕೆ ಎಂಥ ಗ್ರೇಡ್ ಮಾಷ್ಟ್ರೇ?” ಎಂದು ಸ್ಕ್ರಾಪಿನ ದರಕ್ಕೆ ತೂಗಿಕೊಂಡರು.

ರಬ್ಬರ್ ಕರಗಿರಲಿಲ್ಲ, ಕೊಳೆತಿರಲೂ ಇಲ್ಲ. ಹಾಗಾದರೆ ಏನಾಯಿತೆಂದು ನೋಡುವ ಹಟ ಹುಟ್ಟಿತು. ಹೊಸ ಶೀಟಿನಿಂದ ಎರಡು ಸೆಂಟಿಮೀಟರ್ ಅಗಲದ ಪಟ್ಟಿಯೊಂದನ್ನು ಕತ್ತರಿಸಿ, ಅದರ ಮೇಲೆ ಇಪ್ಪತ್ತು ಸೆಂಟಿಮೀಟರ್ ಅಂತರದಲ್ಲಿ ಪೆನ್ನಿನಿಂದ ಎರಡು ಗೀಟು ಎಳೆದು, ಜಗಲಿಯ ಪಕ್ಕಾಸಿಗೆ ಕಟ್ಟಿ, ಕೆಳತುದಿಗೆ ಒಂದು ಕಿಲೋದ ತೂಕದ ಕಲ್ಲನ್ನು ತೂಗುಹಾಕಿದೆ. ಗೀಟುಗಳ ಅಂತರ ತಕ್ಷಣವೇ 22 ಸೆಂಟಿಮೀಟರ್ ಆಯಿತು. ಸ್ಪ್ರಿಂಗ್ ಆಗಿದ್ದರೆ ಕತೆ ಅಲ್ಲಿಗೇ ಮುಗಿಯಬೇಕಿತ್ತು. ಮರುದಿನ ಬೆಳಿಗ್ಗೆ ಅದು 24 ಆಗಿತ್ತು, ಐದನೆಯ ದಿನ 26. ಕಲ್ಲನ್ನು ಬಿಚ್ಚಿದೊಡನೆ 24ಕ್ಕೆ ಹಾರಿ ನಿಂತಿತು. ಮತ್ತೊಂದು ವಾರದಲ್ಲಿ, ಯಾರೂ ಮುಟ್ಟದೆ, ತಾನಾಗಿ 23ಕ್ಕೆ ಇಳಿಯಿತು. ಉಳಿದ ಮೂರು ಸೆಂಟಿಮೀಟರ್ ಮರಳಲೇ ಇಲ್ಲ. ಹೋಲಿಕೆಗೆಂದು ಪಕ್ಕದಲ್ಲಿ ಕಟ್ಟಿದ್ದ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಮಾತ್ರ ಹೆಚ್ಚುಕಡಿಮೆ ಮೊದಲಿನ ಉದ್ದಕ್ಕೇ ಬಂತು.

ಈ ಆರು ಸೆಂಟಿಮೀಟರಿನಲ್ಲಿ ಮೂರು ಬಗೆಯ ವರ್ತನೆಗಳಿವೆ. ಕೂಡಲೇ ಹಿಗ್ಗಿ ಕೂಡಲೇ ಕುಗ್ಗಿದ ಎರಡು ಸೆಂಟಿಮೀಟರ್ ಶುದ್ಧ ಸ್ಥಿತಿಸ್ಥಾಪಕತೆ. ಮರಳದ ಮೂರು ಸೆಂಟಿಮೀಟರ್ ದ್ರವದ ಗುಣ, ಅಂದರೆ ಹರಿವು. 1867ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಮುಂದಿಟ್ಟ ವಿಚಾರವನ್ನು, ಒಂದು ಸ್ಪ್ರಿಂಗನ್ನೂ ಎಣ್ಣೆ ತುಂಬಿದ ಒಂದು ಪಂಪನ್ನೂ ಒಂದರ ಹಿಂದೊಂದು ಜೋಡಿಸಿದ ಚಿತ್ರವಾಗಿ ಪಠ್ಯಗಳಲ್ಲಿ ತೋರಿಸುತ್ತಾರೆ. ಅದನ್ನು ಎಳೆದು ಹಿಡಿದರೆ ಒಳಗಿನ ಬಿಗಿತ ನಿಧಾನವಾಗಿ ಸಡಿಲುತ್ತದೆ, ಮತ್ತು ಬಿಗಿತವು ಮೊದಲಿನ ಸುಮಾರು 37 ಶೇಕಡಕ್ಕೆ ಇಳಿಯಲು ಬೇಕಾಗುವ ಕಾಲವೇ ಆ ವಸ್ತುವಿನ ಸಡಿಲಿಕೆಯ ಕಾಲ. ಆದರೆ ವಾರದುದ್ದಕ್ಕೂ ಮೆಲ್ಲನೆ ಮರಳಿದ ಆ ಒಂದು ಸೆಂಟಿಮೀಟರಿಗೆ ಮ್ಯಾಕ್ಸ್‌ವೆಲ್ಲರ ಜೋಡಿ ಸಾಲದು. ಅದಕ್ಕೆ ಸ್ಪ್ರಿಂಗ್ ಮತ್ತು ಪಂಪನ್ನು ಅಕ್ಕಪಕ್ಕ ಕಟ್ಟಿದ ಕೆಲ್ವಿನ್–ವಾಯ್ಟ್ ಮಾದರಿಯನ್ನೂ ಸೇರಿಸಬೇಕು. ನಿಜವಾದ ರಬ್ಬರಿಗೆ ಇಂಥ ಜೋಡಿಗಳು ಎಷ್ಟೋ ಬೇಕು, ಏಕೆಂದರೆ ಅದರ ಸಡಿಲಿಕೆಗೆ ಒಂದೇ ಕಾಲವೆಂಬುದಿಲ್ಲ.

ಕಚ್ಚಾ ರಬ್ಬರಿನ ಉದ್ದುದ್ದ ಸರಪಣಿ ಅಣುಗಳು ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆಯೇ ಹೊರತು, ಒಂದಕ್ಕೊಂದು ಬಲವಾಗಿ ಬೆಸೆದುಕೊಂಡಿರುವುದಿಲ್ಲ. ಬೇಗ ಎಳೆದರೆ ಸಿಕ್ಕು ಬಿಗಿಯುತ್ತದೆ, ಕಾಲಾವಕಾಶ ಕೊಟ್ಟರೆ ಸಿಕ್ಕು ಜಾರುತ್ತದೆ, ಬಿಸಿಯಾದರೆ ಇನ್ನೂ ಬೇಗ ಜಾರುತ್ತದೆ. ಹೊಗೆಮನೆಯೊಳಗೆ ತೂಗಿಸಿದ್ದ ಇನ್ನೊಂದು ಪಟ್ಟಿ, ಜಗಲಿಯದ್ದು ಐದು ದಿನದಲ್ಲಿ ಹಿಗ್ಗಿದಷ್ಟನ್ನು ಒಂದೇ ದಿನದಲ್ಲಿ ಹಿಗ್ಗಿತು. ಟ್ಯೂಬಿನ ರಬ್ಬರಿನಲ್ಲಿ ಸರಪಣಿಗಳ ನಡುವೆ ಗಂಧಕದ ಕೊಂಡಿ ಬಿದ್ದಿರುತ್ತದೆ, ಆದ್ದರಿಂದ ಅದು ಜಾರಲಾರದು. ಗಂಧಕ ಬೆರೆಸಿ ಕಾಯಿಸಿದರೆ ರಬ್ಬರ್ ಹೀಗಾಗುತ್ತದೆಂದು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡರು. ನನ್ನ ಅಟ್ಟಿಗೆ ಭಾರ, ಬಿಸಿ, ಕಾಲ ಮೂರೂ ಒಟ್ಟಿಗೆ ಸಿಕ್ಕಿದ್ದವು.

ಮರದ ಕೆತ್ತಿನಿಂದ ಕಿತ್ತ ರಬ್ಬರ್ ಎಳೆಗಳನ್ನು ಸುತ್ತಿ ಮೊಮ್ಮಗ ಮಾಡಿದ್ದ ಚೆಂಡೊಂದು ಕಿಟಕಿಯ ದಂಡೆಯಲ್ಲಿತ್ತು. ನೆಲಕ್ಕೆ ಬಡಿದರೆ ಮಾಡಿನವರೆಗೆ ಪುಟಿಯುತ್ತಿದ್ದ ಅದೇ ಚೆಂಡು, ತಿಂಗಳುಗಟ್ಟಲೆ ಕೂತಲ್ಲಿ ಕೂತು ಅಡಿಯಲ್ಲಿ ಚಪ್ಪಟೆಯಾಗಿತ್ತು. ನೆಲ ತಾಗುವ ಹೊತ್ತು ಕ್ಷಣಕ್ಕಿಂತಲೂ ಕಡಿಮೆ, ದಂಡೆಯ ಮೇಲೆ ಕೂತ ಹೊತ್ತು ತಿಂಗಳುಗಳು. ಸಡಿಲಿಕೆಯ ಕಾಲವನ್ನು ನಾವು ಗಮನಿಸುವ ಕಾಲದಿಂದ ಭಾಗಿಸಿ ಬರುವ ಸಂಖ್ಯೆಗೆ ಮಾರ್ಕಸ್ ರೈನರ್ 1964ರಲ್ಲಿ ಡೆಬೊರಾ ಸಂಖ್ಯೆಯೆಂದು ಹೆಸರಿಟ್ಟರು. ದೇವರೆದುರು ಬೆಟ್ಟಗಳೂ ಹರಿದವೆಂದು ಬೈಬಲಿನಲ್ಲಿ ಹಾಡಿದವಳು ಡೆಬೊರಾ. ಸಂಖ್ಯೆ ದೊಡ್ಡದಾದರೆ ವಸ್ತು ಘನದಂತೆಯೂ ಸಣ್ಣದಾದರೆ ದ್ರವದಂತೆಯೂ ನಡೆದುಕೊಳ್ಳುತ್ತದೆ. ಪಾಠ ಮಾಡುವಾಗ ಈ ಚೆಂಡೊಂದು ಕೈಯಲ್ಲಿದ್ದಿದ್ದರೆ ಬೋರ್ಡಿನ ಮೇಲೆ ಅಷ್ಟು ಬರೆಯಬೇಕಾಗಿರಲಿಲ್ಲ.

ರೋಲರಿನ ಕೆಲಸವೂ ಇದರಿಂದ ಸುಧಾರಿಸಿತು. ಹೆಪ್ಪುಗಟ್ಟಿದ ಹಾಲನ್ನು ಮೊದಲು ಅವಸರದಿಂದ ತಿರುವುತ್ತಿದ್ದೆ. ಸಿಕ್ಕು ಜಾರಲು ಹೊತ್ತು ಸಿಗದೆ, ಸಂದಿನಿಂದ ಹೊರಬಂದದ್ದು ಸಂದಿಗಿಂತ ದಪ್ಪವಾಗಿ ಉಬ್ಬಿಕೊಳ್ಳುತ್ತಿತ್ತು. ಈಗ ಹಿಡಿಯನ್ನು ನಿಧಾನವಾಗಿ ತಿರುವಿ, ಸಂದನ್ನು ಪ್ರತಿ ಸಲವೂ ಸ್ವಲ್ಪವೇ ಕಿರಿದುಗೊಳಿಸಿ, ನಾಲ್ಕು ಬಾರಿ ಹಾಯಿಸಿದ ಮೇಲೆ ಅಚ್ಚಿನ ರೋಲರಿಗೆ ಕೊಡುತ್ತೇನೆ. ಮೂರು ಮಿಲಿಮೀಟರಿನ ಆಸುಪಾಸಿನ ದಪ್ಪ ಸಿಗುತ್ತದೆ, ಒಣಗುವುದೂ ಸಮನಾಗಿ ಆಗುತ್ತದೆ. ಹೊಗೆಮನೆಯಲ್ಲಿ ಹಸಿ ಶೀಟುಗಳನ್ನು ದಿನಕ್ಕೊಮ್ಮೆ ರೀಪಿನ ಮೇಲೆ ಸರಿಸಿ ಹಾಕುತ್ತೇನೆ. ಇಲ್ಲವಾದರೆ ಮಡಿಸಿದ ಕಡೆ ರೀಪಿನ ಗುರುತು ಉಳಿಯುತ್ತದೆ.

ಅಟ್ಟಿ ಈಗ ಮೊಣಕಾಲಿನ ಎತ್ತರ ಮೀರುವುದಿಲ್ಲ, ಮತ್ತು ಬಿಸಿಲು ಬೀಳದ ಹಂಚಿನ ಕೋಣೆಯಲ್ಲಿರುತ್ತದೆ. ಹದಿನೈದು ದಿನಕ್ಕೊಮ್ಮೆ ಕೆಳಗಿನದನ್ನು ಮೇಲೆ ಹಾಕಿ, ಆ ದಿನದ ತಾರೀಕನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತೇನೆ. ಅಡಿಕೆ ಗೋಣಿಗಳು ಅಟ್ಟಕ್ಕೆ ಹೋಗಿವೆ.