ದೇವರ ಸನ್ನಿಧಿಯಲ್ಲಿ ಮೌನವಾಗಿ ಕುಳಿತು ಮನನ ಮಾಡುವ ಬಗೆ

ಬಿಡುವಾದಾಗ ದೇವರ ಮುಂದೆ ಕುಳಿತುಕೊಳ್ಳೋಣ ಎಂದುಕೊಂಡವರಿಗೆ ಆ ಬಿಡುವು ಬಹುಮಟ್ಟಿಗೆ ಒದಗುವುದೇ ಇಲ್ಲ. ಆದ್ದರಿಂದ ದಿನದಲ್ಲಿ ಒಂದು ಹೊತ್ತನ್ನು ಮೊದಲೇ ಗೊತ್ತುಮಾಡಿಕೊಂಡು, ಅದನ್ನು ಬೇರೆ ಯಾವ ಕೆಲಸಕ್ಕೂ ಬಿಟ್ಟುಕೊಡದಿರುವುದೇ ಮೊದಲ ಹೆಜ್ಜೆ. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದನೆಂದು ಮಾರ್ಕನ ಸುವಾರ್ತೆಯ 1ನೆಯ ಅಧ್ಯಾಯ ಹೇಳುತ್ತದೆ. ಹಿಂದಿನ ಸಂಜೆ ಊರಿಗೆ ಊರೇ ಆತನಿದ್ದ ಮನೆಯ ಬಾಗಿಲಲ್ಲಿ ನೆರೆದಿತ್ತೆಂಬುದೂ ಅಲ್ಲಿಯೇ ಇದೆ. ಕೆಲಸವಿಲ್ಲದವರು ಮಾತ್ರ ಏಕಾಂತವನ್ನು ಅರಸುತ್ತಾರೆಂಬ ಭಾವನೆ ಅದನ್ನು ಓದಿದ ಮೇಲೆ ಉಳಿಯಲಾರದು. ಮುಂಜಾವು ಒಗ್ಗದವರು ರಾತ್ರಿ ಕುಳಿತರೂ ಸರಿಯೇ. ಆರಂಭಕ್ಕೆ ಹತ್ತು ನಿಮಿಷ ಸಾಕು.

ಜಾಗದ ಬಗ್ಗೆ ಹೆಚ್ಚು ಚಿಂತಿಸಬೇಕಾಗಿಲ್ಲ. ಶುಚಿಯಾದ ಒಂದು ಮೂಲೆ, ಮೈ ನೆಟ್ಟಗೆ ನಿಲ್ಲುವಂಥ ಆಸನ ಇದ್ದರಾಯಿತು. ಮೊಬೈಲ್ ಮಾತ್ರ ಬೇರೆ ಕೋಣೆಯಲ್ಲಿರಲಿ.

ಮನನಕ್ಕೆ ಹೆಚ್ಚು ಓದು ಬೇಕೆಂದು ಹಲವರು ತಿಳಿದಿದ್ದಾರೆ, ಆದರೆ ನನ್ನ ದೃಷ್ಟಿಯಲ್ಲಿ ಹೆಚ್ಚು ಓದುವುದೇ ಇದಕ್ಕೆ ದೊಡ್ಡ ಅಡ್ಡಿ. 12ನೆಯ ಶತಮಾನದ ಕ್ರೈಸ್ತ ಸನ್ಯಾಸಿ ಎರಡನೆಯ ಗಿಗೋ ಈ ಸಾಧನೆಯನ್ನು ಓದು, ಮನನ, ಪ್ರಾರ್ಥನೆ, ಧ್ಯಾನ ಎಂಬ ನಾಲ್ಕು ಹಂತಗಳಾಗಿ ವಿಂಗಡಿಸಿ, ಓದು ತುತ್ತನ್ನು ಬಾಯಿಗಿಡುತ್ತದೆ, ಮನನ ಅದನ್ನು ಅಗಿಯುತ್ತದೆ ಎಂದು ವಿವರಿಸಿದ. ಉಪನಿಷತ್ತಿನ ಪರಂಪರೆಯೂ ಶ್ರವಣದ ಬೆನ್ನಿಗೇ ಮನನವನ್ನು, ಅನಂತರ ನಿದಿಧ್ಯಾಸನವನ್ನು, ಎಂದರೆ ಮನಸ್ಸನ್ನು ಅದರಲ್ಲಿಯೇ ನೆಲೆಗೊಳಿಸುವುದನ್ನು, ಇರಿಸಿದೆ. ಆದ್ದರಿಂದ ನೀವು ನಂಬುವ ಶಾಸ್ತ್ರಗ್ರಂಥದಿಂದ ನಾಲ್ಕೈದು ಸಾಲುಗಳನ್ನು ಮಾತ್ರ ಆರಿಸಿಕೊಂಡು, ತುಟಿಯಾಡಿಸುತ್ತ ನಿಧಾನವಾಗಿ ಎರಡು ಸಲ ಓದಿ. ಯಾವ ಪದ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆಯೋ ಅಲ್ಲಿಯೇ ನಿಂತು, ಇದು ದೇವರ ಸ್ವಭಾವವನ್ನು ಕುರಿತು ಏನು ತಿಳಿಸುತ್ತದೆ, ಇಂದು ನಾನು ಎದುರಿಸಬೇಕಾದ ಯಾವ ಸಂಗತಿಯನ್ನು ಮುಟ್ಟುತ್ತದೆ ಎಂದು ಕೇಳಿಕೊಳ್ಳಿ. ಉತ್ತರ ಕೂಡಲೇ ಹೊಳೆಯದಿದ್ದರೆ ಅವಸರಪಡದೆ ಆ ಪದದೊಡನೆಯೇ ಇರಿ.

ಬಳಿಕ ದೇವರೊಡನೆ ನಿಮ್ಮದೇ ಮಾತಿನಲ್ಲಿ ಮಾತನಾಡಿ. ಭಯ, ಸಿಟ್ಟು, ಹೇಳಿಕೊಳ್ಳಲು ನಾಚಿಕೆಯಾಗುವ ಆಸೆ ಯಾವುದನ್ನೂ ಮರೆಮಾಚಬೇಡಿ. ಅಂದವಾಗಿ ಜೋಡಿಸಿದ ಪ್ರಾರ್ಥನೆಗಿಂತ ಇದ್ದುದನ್ನು ಇದ್ದಂತೆ ಬಿಚ್ಚಿಟ್ಟ ಒಂದು ವಾಕ್ಯ ನಮ್ಮನ್ನು ಆತನಿಗೆ ಹೆಚ್ಚು ಹತ್ತಿರವಾಗಿಸುತ್ತದೆ. ಹೇಳುವುದು ಮುಗಿದ ಮೇಲೆ ಏನನ್ನೂ ಬೇಡದೆ ಸ್ವಲ್ಪ ಹೊತ್ತು ಸುಮ್ಮನಿರಿ.

ಆ ಮೌನದಲ್ಲಿ ಮನಸ್ಸು ಅಲೆದಾಡುವುದು ಖಂಡಿತ. ಚಂಚಲವಾದ ಮನಸ್ಸು ಎಲ್ಲೆಲ್ಲಿಗೆ ಹರಿಯುತ್ತದೆಯೋ ಅಲ್ಲಲ್ಲಿಂದ ಅದನ್ನು ಮರಳಿ ತರಬೇಕೆಂದು ಭಗವದ್ಗೀತೆಯ 6ನೆಯ ಅಧ್ಯಾಯ ಹೇಳುವಾಗ, ಅದು ಅಲೆಯುತ್ತದೆಂಬುದನ್ನು ಒಪ್ಪಿಕೊಂಡೇ ಹೇಳುತ್ತದೆ. ಹಾಗಾಗಿ ನಿಮ್ಮನ್ನು ನೀವು ಹಳಿದುಕೊಳ್ಳದೆ, ಆರಿಸಿಕೊಂಡ ಪದವನ್ನು ಮೆಲ್ಲಗೆ ಉಚ್ಚರಿಸಿ ಹಿಂದಿರುಗಿ. ಇಪ್ಪತ್ತು ಸಲ ಹಿಂದಿರುಗಬೇಕಾಗಿ ಬಂದರೂ ಆ ಹೊತ್ತು ವ್ಯರ್ಥವಾಗಲಿಲ್ಲ. ಏನೂ ಅನುಭವಕ್ಕೆ ಬಾರದ ಶುಷ್ಕ ದಿನಗಳೂ ಬರುತ್ತವೆ, ಆಗ ಅವಧಿಯನ್ನು ಮೊಟಕುಗೊಳಿಸದೆ ಕುಳಿತಿರಿ.

ಏಳುವ ಮುನ್ನ ಮನಸ್ಸಿಗೆ ತಾಕಿದ್ದನ್ನು ಒಂದೇ ಸಾಲಿನಲ್ಲಿ ಬರೆದಿಟ್ಟು, ಮರುದಿನ ಅದನ್ನು ಓದಿಯೇ ಆರಂಭಿಸಿ. ಒಂದು ದಿನ ತಪ್ಪಿಹೋದರೆ ಮರುದಿನ ಅವಧಿಯನ್ನು ಇಮ್ಮಡಿಸಿ ಸರಿದೂಗಿಸಲು ಹೋಗದೆ, ಗೊತ್ತುಮಾಡಿದ ಹೊತ್ತಿಗೆ ಎಂದಿನಂತೆ ಬಂದು ಕುಳಿತುಕೊಳ್ಳಿ.