ಬೇಸ್‌ಬಾಲ್‌ನ ಚಳಿಗಾಲದ ಸುದ್ದಿ: ಮೊತ್ತಕ್ಕಿಂತ ಮೊದಲು ಏನನ್ನು ಓದಬೇಕು

ವರ್ಲ್ಡ್ ಸೀರೀಸ್ (ಲೀಗ್‌ನ ಫೈನಲ್ ಸರಣಿ) ಮುಗಿದ ಮೇಲೆ ಫೆಬ್ರವರಿಯವರೆಗೆ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಮೈದಾನಗಳಿಗೆ ಬೀಗ ಬೀಳುತ್ತದೆ. ಆದರೆ ಸುದ್ದಿಗೆ ಬಿಡುವಿಲ್ಲ. ಯಾರು ಯಾವ ತಂಡಕ್ಕೆ, ಎಷ್ಟು ವರ್ಷಕ್ಕೆ, ಎಷ್ಟು ಕೋಟಿ ಡಾಲರಿಗೆ ಎಂಬ ಶೀರ್ಷಿಕೆಗಳು ಬರುತ್ತಲೇ ಇರುತ್ತವೆ. ನಾನು ಮಿನಿಯಾಪೊಲಿಸ್‌ನಲ್ಲಿ ಲೆಕ್ಕಪತ್ರದ ಕೆಲಸ ಮಾಡುವವಳು, ಮಿನೆಸೋಟ ಟ್ವಿನ್ಸ್ ತಂಡದ ಅಭಿಮಾನಿ. ಬೇಸಿಗೆಯ ಪಂದ್ಯಗಳನ್ನು ನೋಡುವಷ್ಟೇ ಆಸೆಯಿಂದ ಚಳಿಗಾಲದ ಈ ಒಪ್ಪಂದಗಳನ್ನು ಓದುತ್ತೇನೆ. ಹೊಸದಾಗಿ ಆಟ ಹಿಡಿಸಿಕೊಂಡ ಕನ್ನಡದ ಗೆಳೆಯರು ನನ್ನನ್ನು ಮೊದಲು ಕೇಳುವುದು ಮೊತ್ತದ ಬಗ್ಗೆ. ನಾನು ಅವರಿಗೆ ಮೊತ್ತವನ್ನು ಕೊನೆಗೆ ಓದಿ ಎನ್ನುತ್ತೇನೆ.

ಐಪಿಎಲ್ ಹರಾಜನ್ನು ನೋಡಿ ರೂಢಿಯಾದವರು ಒಂದು ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಇಲ್ಲಿ ಹರಾಜು ಇಲ್ಲ, ಒಂದೇ ದಿನದಲ್ಲಿ ಮುಗಿಯುವ ವ್ಯವಹಾರವೂ ಅಲ್ಲ, ತಂಡದ ಒಟ್ಟು ಸಂಬಳಕ್ಕೆ ಗಟ್ಟಿಯಾದ ಮೇಲ್ಮಿತಿಯೂ ಇಲ್ಲ. ಆಟಗಾರನ ಏಜೆಂಟ್ ಮತ್ತು ತಂಡಗಳ ನಡುವೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮಾತುಕತೆ ನಡೆಯುತ್ತದೆ.

ಮೊದಲ ಪ್ರಶ್ನೆ: ಎಷ್ಟು ವರ್ಷದ ಸೇವೆ?

ಯಾವುದೇ ಆಟಗಾರನ ಹೆಸರು ಸುದ್ದಿಯಲ್ಲಿ ಬಂದರೂ ಅವನ ಸೇವಾವಧಿಯನ್ನು ಮೊದಲು ಹುಡುಕಿ. ಮೇಜರ್ ಲೀಗ್ ಪಟ್ಟಿಯಲ್ಲಿ 172 ದಿನ ಕಳೆದರೆ ಒಂದು ವರ್ಷದ ಸೇವೆ ಎಂದು ಲೆಕ್ಕ. ಸ್ಥೂಲವಾಗಿ ಹೇಳುವುದಾದರೆ, ಮೊದಲ ಮೂರು ವರ್ಷ ತಂಡ ಕೊಟ್ಟದ್ದೇ ಸಂಬಳ. ಅದು ಕನಿಷ್ಠ ವೇತನದ ಆಸುಪಾಸಿನಲ್ಲಿರುತ್ತದೆ. 2025ರಲ್ಲಿ ಆ ಕನಿಷ್ಠ ವೇತನ 7.6 ಲಕ್ಷ ಡಾಲರ್ ಇತ್ತು. ಮೂರು ವರ್ಷ ತುಂಬಿದ ಮೇಲೆ ಆರ್ಬಿಟ್ರೇಷನ್ ಹಕ್ಕು, ಅಂದರೆ ಸಂಬಳ ಎಷ್ಟೆಂಬ ವಿವಾದವನ್ನು ಮಧ್ಯಸ್ಥಗಾರರ ಮುಂದಿಡುವ ಹಕ್ಕು ಬರುತ್ತದೆ. ಆರು ವರ್ಷ ತುಂಬಿ, ಇರುವ ಒಪ್ಪಂದವೂ ಮುಗಿದರೆ ಅವನು ಫ್ರೀ ಏಜೆಂಟ್: ಯಾವ ತಂಡದೊಂದಿಗೆ ಬೇಕಾದರೂ ಮಾತನಾಡಬಹುದು.

ಒಂದು ದಿನದ ಬೆಲೆ ಎಷ್ಟೆಂದು ತಿಳಿಯಲು ಕ್ರಿಸ್ ಬ್ರಯಂಟ್ ಕಥೆ ಸಾಕು. 2015ರಲ್ಲಿ ಶಿಕಾಗೊ ಕಬ್ಸ್ ಅವನನ್ನು ಋತುವಿನ ಆರಂಭಕ್ಕೆ ಮೇಜರ್ ಲೀಗ್ ಪಟ್ಟಿಗೆ ಕರೆಯದೆ ಏಪ್ರಿಲ್ 17ರಂದು ಕರೆಸಿಕೊಂಡಿತು. ವರ್ಷದ ಕೊನೆಗೆ ಅವನ ಖಾತೆಯಲ್ಲಿದ್ದದ್ದು 171 ದಿನ. ಅವನು ಆ ವರ್ಷ ನ್ಯಾಷನಲ್ ಲೀಗ್‌ನ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು) ಅತ್ಯುತ್ತಮ ಹೊಸ ಆಟಗಾರ, ಮರುವರ್ಷ ಅತ್ಯಮೂಲ್ಯ ಆಟಗಾರ. ಆದರೂ ಆ ಒಂದು ದಿನದ ಕೊರತೆಯಿಂದ ಅವನ ಬಿಡುಗಡೆ ಪೂರ್ತಿ ಒಂದು ವರ್ಷ ಮುಂದಕ್ಕೆ ಹೋಯಿತು. ದೂರು ಕೊಟ್ಟ, 2020ರಲ್ಲಿ ಮಧ್ಯಸ್ಥಗಾರರ ತೀರ್ಪು ತಂಡದ ಪರವಾಗಿ ಬಂತು. ನಿಯಮದ ಅಕ್ಷರಕ್ಕೆ ಆ ತೀರ್ಪು ಸರಿಯಿರಬಹುದು, ನನಗೆ ಇಂದಿಗೂ ಅದು ಅನ್ಯಾಯವೆಂದೇ ತೋರುತ್ತದೆ. ತಂಡಗಳು ಮತ್ತು ಆಟಗಾರರ ಸಂಘದ ನಡುವಿನ 2022ರ ಒಪ್ಪಂದದಲ್ಲಿ ಇದಕ್ಕೆ ಸ್ವಲ್ಪ ಪರಿಹಾರ ಸಿಕ್ಕಿತು. ವರ್ಷದ ಹೊಸ ಆಟಗಾರ ಪ್ರಶಸ್ತಿಯ ಮತದಾನದಲ್ಲಿ ಮೊದಲ ಎರಡು ಸ್ಥಾನ ಪಡೆದ ಅರ್ಹ ಹೊಸಬರಿಗೆ ಪೂರ್ತಿ ವರ್ಷದ ಸೇವೆ ಸಿಗುತ್ತದೆ. 2024ರ ಮೇ ತಿಂಗಳಲ್ಲಿ ಬಂದ ಪಿಟ್ಸ್‌ಬರ್ಗ್‌ನ ಪಾಲ್ ಸ್ಕೀನ್ಸ್‌ಗೆ ಪೂರ್ತಿ ವರ್ಷ ದಕ್ಕಿದ್ದು ಹೀಗೆ.

ಆರ್ಬಿಟ್ರೇಷನ್ ಸುದ್ದಿ ಬಂದಾಗ ಎರಡು ಅಂಕಿಗಳನ್ನು ನೋಡಿ: ಆಟಗಾರ ಕೇಳಿದ್ದು, ತಂಡ ಕೊಡುತ್ತೇನೆಂದದ್ದು. ಮಾತುಕತೆ ಮುರಿದು ವಿಚಾರಣೆಯವರೆಗೆ ಹೋದರೆ ಮೂವರು ಮಧ್ಯಸ್ಥಗಾರರು ಎರಡರಲ್ಲಿ ಒಂದನ್ನೇ ಆರಿಸಬೇಕು, ನಡುವಿನ ಮೊತ್ತ ಕೊಡುವಂತಿಲ್ಲ. 2023ರಲ್ಲಿ ಮಿಲ್ವಾಕಿಯ ಪಿಚರ್ (ಚೆಂಡೆಸೆಯುವವ) ಕಾರ್ಬಿನ್ ಬರ್ನ್ಸ್ ಕೇಳಿದ್ದು 1 ಕೋಟಿ 7.5 ಲಕ್ಷ ಡಾಲರ್, ತಂಡ ಹೇಳಿದ್ದು 1 ಕೋಟಿ 10 ಸಾವಿರ. ತಂಡ ಗೆದ್ದಿತು. ತನ್ನದೇ ತಂಡದವರು ತನ್ನ ಕೊರತೆಗಳನ್ನು ಎದುರಿಗೆ ಪಟ್ಟಿ ಮಾಡಿದ್ದನ್ನು ಕೇಳಿ ಬಂದ ಬರ್ನ್ಸ್, ಸಂಬಂಧಕ್ಕೆ ಪೆಟ್ಟು ಬಿದ್ದಿದೆ ಎಂದು ಬಹಿರಂಗವಾಗಿಯೇ ಹೇಳಿದ. ಒಂದು ವರ್ಷದೊಳಗೆ ಅವನನ್ನು ಬಾಲ್ಟಿಮೋರ್‌ಗೆ ಕಳುಹಿಸಲಾಯಿತು. ಅಂತರ ಚಿಕ್ಕದಿದ್ದರೂ ವಿಚಾರಣೆಗೆ ಹೋದ ಸುದ್ದಿಯನ್ನು ನಾನು ಗುರುತು ಹಾಕಿ ಇಟ್ಟುಕೊಳ್ಳುವುದು ಇದಕ್ಕೇ.

ಸುದ್ದಿ ಯಾವ ಹಂತದಲ್ಲಿದೆ?

"ಆಸಕ್ತಿ ತೋರಿದೆ", "ಮಾತುಕತೆ ನಡೆಸಿದೆ", "ಒಪ್ಪಿಗೆಗೆ ಬಂದಿದೆ", "ತಂಡ ಪ್ರಕಟಿಸಿದೆ". ಈ ನಾಲ್ಕೂ ಬೇರೆ ಬೇರೆ ಹಂತಗಳು. ಮೊದಲನೆಯದಕ್ಕೆ ನಾನು ಯಾವ ಬೆಲೆಯನ್ನೂ ಕೊಡುವುದಿಲ್ಲ, ಏಕೆಂದರೆ ಆಸಕ್ತ ತಂಡಗಳು ಹೆಚ್ಚಿದಷ್ಟೂ ಏಜೆಂಟ್‌ಗೆ ಅನುಕೂಲ. 2022ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್‌ನ ಆಟಗಾರ ಆರನ್ ಜಡ್ಜ್ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಂತಿದೆ ಎಂದು ಹೆಸರಾಂತ ವರದಿಗಾರರೊಬ್ಬರು ಬರೆದರು. ಸ್ವಲ್ಪ ಹೊತ್ತಿನಲ್ಲಿ ಅದನ್ನು ಹಿಂದಕ್ಕೆ ಪಡೆದರು. ಜಡ್ಜ್ 9 ವರ್ಷ, 36 ಕೋಟಿ ಡಾಲರಿಗೆ ಯಾಂಕೀಸ್‌ನಲ್ಲೇ ಉಳಿದ. ಮರುವರ್ಷ ಡಿಸೆಂಬರ್ 8ರಂದು ಜಪಾನಿನ ತಾರೆ ಶೊಹೆ ಒಟಾನಿ ಟೊರೊಂಟೊಗೆ ಹೋಗುವ ವಿಮಾನದಲ್ಲಿದ್ದಾನೆ ಎಂಬ ವರದಿ ಬಂದು, ಸಾವಿರಾರು ಜನ ಆ ವಿಮಾನದ ಹಾದಿಯನ್ನು ಪರದೆಯ ಮೇಲೆ ಹಿಂಬಾಲಿಸಿದರು. ಅದರಲ್ಲಿ ಇದ್ದದ್ದು ಕೆನಡಾದ ಒಬ್ಬ ಉದ್ಯಮಿ. ಮರುದಿನ ಒಟಾನಿ ತಾನೇ ಡಾಡ್ಜರ್ಸ್ ಸೇರುತ್ತಿರುವುದಾಗಿ ತಿಳಿಸಿದ.

"ಒಪ್ಪಿಗೆಗೆ ಬಂದಿದೆ" ಎಂಬ ವರದಿಯ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ತುಣುಕು ಇರುತ್ತದೆ: ವೈದ್ಯಕೀಯ ತಪಾಸಣೆಗೆ ಒಳಪಟ್ಟು. ಹೆಚ್ಚಿನವರು ಅದನ್ನು ಓದದೆ ಬಿಡುತ್ತಾರೆ. ನಮ್ಮ ಊರಿನವರು ಬಿಡುವುದಿಲ್ಲ, ಕಾರ್ಲೊಸ್ ಕೊರೆಯಾ ನಮಗೆ ಅದನ್ನು ಕಲಿಸಿದ್ದಾನೆ. 2022ರ ಋತು ಮುಗಿದ ಮೇಲೆ ಅವನು ಟ್ವಿನ್ಸ್ ಒಪ್ಪಂದದಿಂದ ಹೊರನಡೆದ. ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಜೊತೆ 13 ವರ್ಷ, 35 ಕೋಟಿ ಡಾಲರಿಗೆ ಒಪ್ಪಿಗೆ. ಪರಿಚಯದ ಪತ್ರಿಕಾಗೋಷ್ಠಿ ನಿಗದಿಯಾಗಿತ್ತು, ಅದೇ ದಿನ ರದ್ದಾಯಿತು. ತಪಾಸಣೆಯಲ್ಲಿ ವೈದ್ಯರಿಗೆ ಅವನ ಬಲಗಾಲಿನ ಬಗ್ಗೆ ಆತಂಕ ಹುಟ್ಟಿತ್ತು. 2014ರಲ್ಲಿ, ಮೈನರ್ ಲೀಗ್ (ಕೆಳಹಂತದ ಲೀಗ್) ಕಾಲದಲ್ಲಿ ಮುರಿದು ಶಸ್ತ್ರಚಿಕಿತ್ಸೆಯಾಗಿದ್ದ ಕಾಲು ಅದು. ಬೆಳಗಾಗುವುದರೊಳಗೆ ನ್ಯೂಯಾರ್ಕ್ ಮೆಟ್ಸ್ ಜೊತೆ 12 ವರ್ಷ, 31.5 ಕೋಟಿಗೆ ಎರಡನೇ ಒಪ್ಪಿಗೆ. ಅಲ್ಲಿಯೂ ಅದೇ ಕಾಲು ಅಡ್ಡ ಬಂತು. ಜನವರಿಯಲ್ಲಿ ಅವನು ಮತ್ತೆ ಟ್ವಿನ್ಸ್‌ಗೆ ಬಂದ: ಖಾತರಿಯಾಗಿ 6 ವರ್ಷ, 20 ಕೋಟಿ. ಮುಂದಿನ ವರ್ಷಗಳು ಅವನು ಎಷ್ಟು ಆಡುತ್ತಾನೆ ಎಂಬುದರ ಮೇಲೆ ತೆರೆದುಕೊಳ್ಳುವ ಷರತ್ತಿನವು. ತಿಂಗಳೊಳಗೆ ಖಾತರಿ ಮೊತ್ತ 15 ಕೋಟಿ ಡಾಲರ್ ಇಳಿಯಿತು. ಅವನ ಆಟ ಆ ತಿಂಗಳಲ್ಲಿ ಒಂದಿಷ್ಟೂ ಬದಲಾಗಿರಲಿಲ್ಲ.

ಆದ್ದರಿಂದ ತಂಡದ ಅಧಿಕೃತ ಪ್ರಕಟಣೆಗೆ ಕಾಯಿರಿ. ಅದರ ಜೊತೆಗೆ ಇನ್ನೊಂದು ಸಾಲು ಬರುತ್ತದೆಯೇ ನೋಡಿ. ತಂಡದ ಪಟ್ಟಿಯಲ್ಲಿ 40 ಸ್ಥಾನಗಳು ಮಾತ್ರ. ಪಟ್ಟಿ ತುಂಬಿದ್ದರೆ ಹೊಸಬನಿಗೆ ಜಾಗ ಮಾಡಲು ಯಾರನ್ನಾದರೂ ತೆಗೆಯಲೇಬೇಕು. ಆ ಹೆಸರೂ ಬಂತೆಂದರೆ ಸಹಿ ಬಿದ್ದಿದೆ ಎಂದೇ ತಿಳಿಯಿರಿ.

ಮೊತ್ತವನ್ನು ಬಿಡಿಸಿ ನೋಡುವುದು

ಈಗ ಹಣಕ್ಕೆ ಬರೋಣ, ನನ್ನ ಕಸುಬಿಗೆ ಹತ್ತಿರದ ಭಾಗ. ಒಟ್ಟು ಮೊತ್ತವನ್ನು ವರ್ಷಗಳಿಂದ ಭಾಗಿಸಿ. ಒಟ್ಟು ಸಂಬಳ ಒಂದು ಗಡಿ ಮೀರಿದ ತಂಡಗಳ ಮೇಲೆ ಲೀಗ್ ಹಾಕುವ ಐಷಾರಾಮಿ ತೆರಿಗೆ ಆ ವಾರ್ಷಿಕ ಸರಾಸರಿಯನ್ನೇ ನೋಡುತ್ತದೆ. 2025ರಲ್ಲಿ ತೆರಿಗೆ ಶುರುವಾಗುವ ಗಡಿ 24.1 ಕೋಟಿ ಡಾಲರ್, 2026ರಲ್ಲಿ 24.4 ಕೋಟಿ. ಗಡಿ ಮೀರಿದ ಹಣದ ಮೇಲೆ ಮೊದಲ ವರ್ಷ ಶೇ. 20, ಸತತ ಎರಡನೇ ವರ್ಷ ಶೇ. 30, ಮೂರನೇ ವರ್ಷದಿಂದ ಶೇ. 50, ತೀರಾ ಮೇಲೆ ಹೋದವರಿಗೆ ಇನ್ನೂ ಹೆಚ್ಚುವರಿ. 2019ರಲ್ಲಿ ಬ್ರೈಸ್ ಹಾರ್ಪರ್‌ಗೆ ಫಿಲಡೆಲ್ಫಿಯಾ 13 ವರ್ಷ ಕೊಟ್ಟದ್ದನ್ನು ಈ ಕಣ್ಣಿನಿಂದ ನೋಡಿ. 33 ಕೋಟಿಯನ್ನು ಅಷ್ಟು ವರ್ಷಕ್ಕೆ ಹರಡಿದರೆ ವರ್ಷಕ್ಕೆ 2.54 ಕೋಟಿ ಮಾತ್ರ. ಮೂವತ್ತೊಂಬತ್ತು ವಯಸ್ಸಿನವರೆಗೆ ಒಪ್ಪಂದ ಎಳೆಯುವುದಕ್ಕೆ ಒಂದು ದೊಡ್ಡ ಕಾರಣ ಈ ಭಾಗಾಕಾರ.

ನಂತರ ಕೇಳಬೇಕಾದದ್ದು ಹಣ ಯಾವಾಗ ಕೈಸೇರುತ್ತದೆ ಎಂದು. ಒಟಾನಿಯ ಒಪ್ಪಂದ 10 ವರ್ಷಕ್ಕೆ 70 ಕೋಟಿ ಡಾಲರ್. ಆದರೆ ಆಡುವ ಹತ್ತು ವರ್ಷಗಳಲ್ಲಿ ಅವನು ಪಡೆಯುವುದು ವರ್ಷಕ್ಕೆ 20 ಲಕ್ಷ ಮಾತ್ರ. ಉಳಿದ 68 ಕೋಟಿ, ವರ್ಷಕ್ಕೆ 6.8 ಕೋಟಿಯಂತೆ, 2034ರಿಂದ 2043ರವರೆಗೆ ಬರುತ್ತದೆ, ಅದೂ ಬಡ್ಡಿಯಿಲ್ಲದೆ. ಹತ್ತು ವರ್ಷದ ನಂತರದ ಒಂದು ಡಾಲರ್ ಇಂದಿನ ಡಾಲರಿಗೆ ಸಮನಲ್ಲ ಎಂಬುದು ಲೆಕ್ಕಪತ್ರದ ಮೊದಲ ಪಾಠ. ಆ ಲೆಕ್ಕ ಹಾಕಿಯೇ ಲೀಗ್ ತೆರಿಗೆಗಾಗಿ ಅವನ ವರ್ಷದ ಮೌಲ್ಯವನ್ನು ಸುಮಾರು 4.6 ಕೋಟಿ ಎಂದು ಹಿಡಿಯುತ್ತದೆ, 7 ಕೋಟಿ ಎಂದಲ್ಲ. 2024ರ ಡಿಸೆಂಬರ್‌ನಲ್ಲಿ ಹ್ವಾನ್ ಸೊಟೊ ಮೆಟ್ಸ್ ಜೊತೆ ಮಾಡಿಕೊಂಡ 15 ವರ್ಷ, 76.5 ಕೋಟಿಯ ಒಪ್ಪಂದದಲ್ಲಿ ಮುಂದೂಡಿಕೆ ಒಂದು ಡಾಲರೂ ಇಲ್ಲ. ಶೀರ್ಷಿಕೆಗಳಲ್ಲಿ ಇವೆರಡರ ಅಂತರ 6.5 ಕೋಟಿ. ಇಂದಿನ ಬೆಲೆಯಲ್ಲಿ ಒಟಾನಿಯದು ಸುಮಾರು 46 ಕೋಟಿ ಎಂದು ಹಿಡಿದರೆ, ನಿಜವಾದ ಅಂತರ ಅದರ ಹಲವು ಪಟ್ಟು.

ಮುಂದೂಡಿದ ಹಣವೆಲ್ಲ ಆಟಗಾರನಿಗೆ ನಷ್ಟ ಎಂದುಕೊಳ್ಳಬೇಡಿ. 2000ದಲ್ಲಿ ಬಾಬಿ ಬೊನೀಯಾಗೆ ಕೊಡಬೇಕಿದ್ದ 59 ಲಕ್ಷ ಡಾಲರನ್ನು ಮೆಟ್ಸ್ ಶೇ. 8ರ ಬಡ್ಡಿಯೊಂದಿಗೆ ಮುಂದಕ್ಕೆ ಹಾಕಿತು. 2011ರಿಂದ 2035ರವರೆಗೆ ಪ್ರತಿ ಜುಲೈ 1ರಂದು ಅವನಿಗೆ ಸುಮಾರು 11.9 ಲಕ್ಷ ಡಾಲರ್ ಸಲ್ಲುತ್ತದೆ. ಬಡ್ಡಿ ಇದೆಯೇ ಇಲ್ಲವೇ, ಅದನ್ನು ಕೇಳಿ.

ಮೂರನೆಯದು ಬಾಗಿಲುಗಳು. ಒಪ್ಪಂದದ ನಡುವೆ ಹೊರಹೋಗುವ ಹಕ್ಕು ಯಾರ ಕೈಯಲ್ಲಿದೆ? ಆಟಗಾರನ ಕೈಯಲ್ಲಿದ್ದರೆ, ಚೆನ್ನಾಗಿ ಆಡಿದರೆ ಅವನು ಹೋಗುತ್ತಾನೆ, ಗಾಯಗೊಂಡರೆ ಉಳಿಯುತ್ತಾನೆ. ಎರಡೂ ಸ್ಥಿತಿಯಲ್ಲಿ ಅಪಾಯ ತಂಡದ್ದು. ತಂಡದ ಕೈಯಲ್ಲಿದ್ದರೆ ಇದೇ ಲೆಕ್ಕ ತಿರುಗುಮುರುಗು. ಸೊಟೊ 2029ರ ಋತುವಿನ ನಂತರ ಹೊರಹೋಗಬಹುದು, ಆದರೆ ಉಳಿದ ಪ್ರತಿ ವರ್ಷಕ್ಕೆ 40 ಲಕ್ಷ ಹೆಚ್ಚಿಸಿದರೆ ಮೆಟ್ಸ್ ಆ ಬಾಗಿಲನ್ನು ಮುಚ್ಚಬಹುದು. ಆಗ ಒಟ್ಟು ಮೊತ್ತ 80.5 ಕೋಟಿಯಾಗುತ್ತದೆ. ಒಪ್ಪಂದ ಮುಂದುವರಿಯಲು ಇಬ್ಬರೂ ಒಪ್ಪಬೇಕಾದ ಪರಸ್ಪರ ಆಯ್ಕೆಗಳು ಜಾರಿಯಾಗುವುದು ಅಪರೂಪ, ಅವುಗಳಿಗೆ ತಲೆ ಕೆಡಿಸಿಕೊಳ್ಳಬೇಡಿ.

ಜಪಾನಿನಿಂದ ಬರುವವರಿಗೆ ಇನ್ನೊಂದು ಲೆಕ್ಕ. ಅಲ್ಲಿನ ಕ್ಲಬ್ ಆಟಗಾರನನ್ನು ಬಿಟ್ಟುಕೊಡಲು ಒಪ್ಪಿದ ಮೇಲೆ ಮಾತುಕತೆಗೆ 45 ದಿನ. ಹಳೆಯ ಕ್ಲಬ್‌ಗೆ ಮೊದಲ 2.5 ಕೋಟಿಯ ಮೇಲೆ ಶೇ. 20, ಮುಂದಿನ 2.5 ಕೋಟಿಯ ಮೇಲೆ ಶೇ. 17.5, ಉಳಿದದ್ದರ ಮೇಲೆ ಶೇ. 15 ಹೋಗುತ್ತದೆ. ಡಾಡ್ಜರ್ಸ್ ಯೊಶಿನೊಬು ಯಮಾಮೊಟೊಗೆ ಕೊಟ್ಟದ್ದು 32.5 ಕೋಟಿ, ಅದರ ಮೇಲೆ ಅವನ ಕ್ಲಬ್‌ಗೆ 5 ಕೋಟಿ 6 ಲಕ್ಷ 25 ಸಾವಿರ. ನೀವೇ ಕೂಡಿ ನೋಡಿ, ಒಮ್ಮೆ ಕೈಯಾರೆ ಮಾಡಿದರೆ ಮರೆಯುವುದಿಲ್ಲ. ಇಪ್ಪತ್ತೈದು ತುಂಬದವರಿಗೆ ಈ ದಾರಿಯಲ್ಲಿ ದೊಡ್ಡ ಒಪ್ಪಂದ ಸಿಗದು. ರೊಕಿ ಸಸಾಕಿ 2025ರ ಜನವರಿಯಲ್ಲಿ 65 ಲಕ್ಷ ಡಾಲರ್ ಬೋನಸ್‌ಗೆ ಸಹಿ ಹಾಕಿದ್ದು ಅದಕ್ಕೆ.

ಪುಟದ ಕೆಳಗಿನ ಸಾಲುಗಳು

ನವೆಂಬರ್‌ನ ಮೂರನೇ ವಾರದಲ್ಲಿ ಒಂದು ಉದ್ದದ ಪಟ್ಟಿ ಬರುತ್ತದೆ: ಮುಂದಿನ ವರ್ಷಕ್ಕೆ ಒಪ್ಪಂದ ಕೊಡದೆ ಬಿಟ್ಟವರ ಹೆಸರುಗಳು. ಅದನ್ನು ಪೂರ್ತಿ ಓದಿ. 2019ರ ಅತ್ಯಮೂಲ್ಯ ಆಟಗಾರ ಕೋಡಿ ಬೆಲಿಂಜರ್ 2022ರಲ್ಲಿ ಆ ಪಟ್ಟಿಯಲ್ಲಿದ್ದ. ಡಿಸೆಂಬರ್‌ನ ರೂಲ್ 5 ಡ್ರಾಫ್ಟ್ ಸುದ್ದಿಗೂ ಸಿಗುವುದು ಸಣ್ಣ ಅಕ್ಷರಗಳೇ. ಬೇರೆ ತಂಡ ತನ್ನ 40ರ ಪಟ್ಟಿಗೆ ಸೇರಿಸದೆ ಬಿಟ್ಟ ಆಟಗಾರನನ್ನು 1 ಲಕ್ಷ ಡಾಲರಿಗೆ ಎತ್ತಿಕೊಳ್ಳಬಹುದು, ಆದರೆ ವರ್ಷಪೂರ್ತಿ ಮೇಜರ್ ಲೀಗ್ ಪಟ್ಟಿಯಲ್ಲೇ ಇಟ್ಟುಕೊಳ್ಳಬೇಕು. 1999ರಲ್ಲಿ ಯೋಹಾನ್ ಸಾಂಟಾನಾ ಹೀಗೆ ಹ್ಯೂಸ್ಟನ್‌ನಿಂದ ಹೊರಬಂದು ಅದೇ ದಿನ ನಮ್ಮ ಟ್ವಿನ್ಸ್ ಪಾಲಾದ. 2004 ಮತ್ತು 2006ರಲ್ಲಿ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ.

ಟ್ವಿನ್ಸ್ ಅಭಿಮಾನಿಗಳಿಗೆ ನೋಯುವ ಸಣ್ಣ ಸಾಲೂ ಒಂದಿದೆ. 2002ರ ಡಿಸೆಂಬರ್‌ನಲ್ಲಿ ತಂಡ ಡೇವಿಡ್ ಓರ್ಟಿಜ್‌ನನ್ನು ಬಿಟ್ಟಿತು. ಜನವರಿಯಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಅವನನ್ನು 12.5 ಲಕ್ಷ ಡಾಲರಿಗೆ ತೆಗೆದುಕೊಂಡಿತು. ಅವನು ಅಲ್ಲಿ ಮೂರು ವರ್ಲ್ಡ್ ಸೀರೀಸ್ ಗೆದ್ದು 2022ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಆದ್ದರಿಂದ ಜನವರಿ ಕೊನೆಯಲ್ಲಿ ಬರುವ ಒಂದು ವರ್ಷದ ಚಿಕ್ಕ ಒಪ್ಪಂದಗಳನ್ನು, ವಸಂತ ತರಬೇತಿಗೆ ಆಹ್ವಾನವಷ್ಟೇ ಇರುವ ಮೈನರ್ ಲೀಗ್ ಒಪ್ಪಂದಗಳನ್ನು ನಾನು ಹೆಸರು ಹೆಸರಾಗಿ ಓದುತ್ತೇನೆ, ಅವರ ಕಳೆದ ವರ್ಷದ ಗಾಯಗಳನ್ನೂ ಹುಡುಕುತ್ತೇನೆ.

ದಿನಚರಿಯಲ್ಲಿ ಒಂದು ದಿನಾಂಕ ಬರೆದಿಟ್ಟುಕೊಳ್ಳಿ: ಡಿಸೆಂಬರ್ 1, 2026. ತಂಡಗಳು ಮತ್ತು ಆಟಗಾರರ ಸಂಘದ ನಡುವಿನ ಈಗಿನ ಒಪ್ಪಂದದ ಅವಧಿ ಅಂದಿಗೆ ಮುಗಿಯುತ್ತದೆ. 2021ರಲ್ಲಿ ಹೀಗೆ ಅವಧಿ ಮುಗಿದಾಗ ಮಾಲೀಕರು ಲಾಕೌಟ್ ಘೋಷಿಸಿ, 99 ದಿನ ಮೇಜರ್ ಲೀಗ್ ಸಹಿಗಳು ನಿಂತುಹೋಗಿದ್ದವು. ಅದಕ್ಕೆ ಮೊದಲಿನ ಕೆಲವು ದಿನಗಳಲ್ಲಿ ತಂಡಗಳು ಮುಗಿಬಿದ್ದು ಸಹಿ ಹಾಕಿಸಿಕೊಂಡಿದ್ದವು. ಹೊಸ ಒಪ್ಪಂದವಾಗದೆ ಆ ದಿನ ಹತ್ತಿರವಾದರೆ ನವೆಂಬರ್‌ನ ಕೊನೆಯ ವಾರದ ಸುದ್ದಿಗಳನ್ನು ದಿನಕ್ಕೆರಡು ಬಾರಿ ನೋಡುವುದು ಒಳ್ಳೆಯದು.