ಟೋರ್ಟಿಯಾ ಬಿಡಿಸದೆ ಶುಗರ್ ಇಳಿಸುವ ಕೆಲಸ

ಕ್ಯಾಲಿಫೋರ್ನಿಯಾದ ಫ್ರೆಸ್ನೊ ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ನಾನು ಡಯಟೀಶಿಯನ್. ಬರುವವರಲ್ಲಿ ಮುಕ್ಕಾಲು ಪಾಲು ಮೆಕ್ಸಿಕೊ ಮೂಲದವರು. ದ್ರಾಕ್ಷಿ, ಬಾದಾಮಿ, ಪೀಚ್ ತೋಟಗಳಲ್ಲಿ ದುಡಿಯುವ ಜನ. ಜೀವಮಾನದಲ್ಲಿ ಟೈಪ್ 2 ಡಯಾಬಿಟೀಸ್ ಬರುವ ಸಾಧ್ಯತೆ ಅಮೆರಿಕದ ವಯಸ್ಕರಲ್ಲಿ ಒಟ್ಟಾರೆ 40%, ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಜನರಲ್ಲಿ 50% ಮೀರುತ್ತದೆ ಅಂತ ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತದೆ. ನನ್ನ ಕುರ್ಚಿಯಲ್ಲಿ ಕೂತವರಿಗೆ ಇದು ಹೊಸ ಸುದ್ದಿಯೇನಲ್ಲ. ಅಪ್ಪನಿಗಿದೆ, ಅತ್ತೆಗಿದೆ, ಈಗ ಮಗಳಿಗೂ ಬಂದಿದೆ.

ಎಲ್ಲರಿಗೂ ಕೊಡುವ ಚೀಟಿಯಲ್ಲಿ ಒಂದು ತಟ್ಟೆಯ ಚಿತ್ರ ಇರುತ್ತದೆ. ಅರ್ಧ ತರಕಾರಿ, ಕಾಲು ಭಾಗ ಪ್ರೋಟೀನ್, ಕಾಲು ಭಾಗ ಪಿಷ್ಟ. ಚಿತ್ರವೇನೋ ಚೆನ್ನಾಗಿದೆ. ಆದರೆ ಇವರ ದಿನನಿತ್ಯದ ತೆಳು ರೊಟ್ಟಿ ಟೋರ್ಟಿಯಾ ತಟ್ಟೆಯಲ್ಲಿ ಇರುವುದೇ ಇಲ್ಲ! ಬಟ್ಟೆ ಸುತ್ತಿ, ಬುಟ್ಟಿಯಲ್ಲಿಟ್ಟು, ಮೇಜಿನ ನಡುವೆ ಇಟ್ಟಿರುತ್ತಾರೆ. ಮಾತಾಡುತ್ತಾ ಮಾತಾಡುತ್ತಾ ಕೈ ಅತ್ತ ಹೋಗುತ್ತಲೇ ಇರುತ್ತದೆ. ಅದಕ್ಕೇ ನಾನು ಮೊದಲು ಕೇಳುವುದು, "ಬುಟ್ಟಿ ಎಷ್ಟು ಸಲ ಖಾಲಿ ಆಗುತ್ತೆ? ಮತ್ತೆ ತುಂಬುವವರು ಯಾರು?" ಅಂತ.

ಆಮೇಲೆ ಲೆಕ್ಕ. ಆರಿಂಚಿನ ಮೆಕ್ಕೆಜೋಳದ ಟೋರ್ಟಿಯಾದಲ್ಲಿ ಸುಮಾರು 12 ಗ್ರಾಂ ಕಾರ್ಬೋಹೈಡ್ರೇಟ್. ಬುರಿಟೊ (ಒಳಗೆ ಪಲ್ಯ ತುಂಬಿದ ಸುರುಳಿ) ಸುತ್ತುವ ದೊಡ್ಡ ಮೈದಾ ಟೋರ್ಟಿಯಾದಲ್ಲಿ 35ರ ಆಸುಪಾಸು. 355 ಎಂಎಲ್ ಕೋಕ್ ಕ್ಯಾನ್‌ನಲ್ಲಿ 39 ಗ್ರಾಂ ಸಕ್ಕರೆ. ಇವನ್ನು ಪಕ್ಕಪಕ್ಕ ಬರೆದು ತೋರಿಸಿ ಸುಮ್ನೆ ಕೂರುತ್ತೇನೆ. ಒಂದು ಕ್ಯಾನ್ ಅಂದರೆ ಮೂರು ಟೋರ್ಟಿಯಾಕ್ಕಿಂತ ಜಾಸ್ತಿ, ಅಲ್ವಾ? ಬಹಳ ಜನ ಅಲ್ಲೇ ತೀರ್ಮಾನ ಮಾಡುತ್ತಾರೆ: ಕೋಕ್ ಹೋಗಲಿ, ಟೋರ್ಟಿಯಾ ಇರಲಿ. ನನಗೆ ಬೇಕಾದದ್ದೂ ಅದೇ. ಜೊತೆಗೆ ಬೀನ್ಸ್ ಇರಲಿ, ನೋಪಾಲ್ ಇರಲಿ ಅನ್ನುತ್ತೇನೆ. ನೋಪಾಲ್ ಅಂದರೆ ನಮ್ಮ ಪಾಪಾಸುಕಳ್ಳಿ ಜಾತಿಯದೇ. ಮುಳ್ಳು ತೆಗೆದು ಹೆಚ್ಚಿ ಪಲ್ಯ ಮಾಡುತ್ತಾರೆ. ನಾರು ಜಾಸ್ತಿ, ಪಿಷ್ಟ ಕಡಿಮೆ.

ನಮ್ಮೂರು ದಾವಣಗೆರೆ ಕಡೆ. ಅಲ್ಲಿ ಎತ್ತ ನೋಡಿದರೂ ಮೆಕ್ಕೆಜೋಳ. ಆದರೆ ಅದು ಕೋಳಿ ಆಹಾರಕ್ಕೆ ಹೋಗುವ ಮಾಲು, ನಮ್ಮ ಊಟಕ್ಕೆ ಬೇರೆ ಜೋಳ. ಟೋರ್ಟಿಯಾ ಹಿಟ್ಟಿಗೆ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಹಾಕಿ, ಸಿಪ್ಪೆ ತೊಳೆದು ರುಬ್ಬುವುದನ್ನು ನನಗೆ ಹೇಳಿಕೊಟ್ಟವರು ನನ್ನ ರೋಗಿಗಳೇ.

ಊಟಕ್ಕಿಂತ ಕಷ್ಟದ್ದು ಇನ್ಸುಲಿನ್. ಅದು ಕಣ್ಣು ಕಳೆಯುತ್ತದೆ ಅನ್ನುವ ಭಯ ಇಲ್ಲಿ ಮನೆಮನೆಯಲ್ಲಿದೆ. ಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಹತ್ತು ದಾಟಿದ್ದ ಒಬ್ಬ ಹೆಂಗಸು, "ನಮ್ಮಕ್ಕ ಸೂಜಿ ಶುರು ಮಾಡಿದ ಮರುವರ್ಷವೇ ಕುರುಡಿಯಾದಳು" ಅಂದರು. ನಾನು ವಾದಕ್ಕೆ ಇಳಿಯಲಿಲ್ಲ.

"ಸೂಜಿಗೆ ಮುಂಚೆ ನಿಮ್ಮಕ್ಕನಿಗೆ ಎಷ್ಟು ವರ್ಷದಿಂದ ಶುಗರ್ ಇತ್ತು, ಡೊನ್ಯಾ?" ಅಂದೆ. ಡೊನ್ಯಾ ಅಂದರೆ ಅಮ್ಮಾ ಅಂದಹಾಗೆ, ಗೌರವದ ಮಾತು.

"ಹನ್ನೆರಡು, ಹದಿಮೂರು ಇರಬಹುದು."

"ಮಾತ್ರೆ?"

"ನೆನಪಾದಾಗ ತಗೋತಿದ್ದಳು."

ಸ್ವಲ್ಪ ಹೊತ್ತು ಯೋಚಿಸಿದರು. ಕಣ್ಣು ಕೆಡುತ್ತಾ ಬಂದದ್ದು ಆ ವರ್ಷಗಳಲ್ಲೇ, ಸೂಜಿ ಬಂದದ್ದು ಎಲ್ಲ ಮುಗಿದ ಮೇಲೆ ಅಂತ ಅವರೇ ಹೇಳಿದರು. ಆಗ ಔಷಧಿಯಿಲ್ಲದ ಇನ್ಸುಲಿನ್ ಪೆನ್ (ಪೆನ್ನಿನ ಆಕಾರದ ಇಂಜೆಕ್ಷನ್) ಅವರ ಕೈಗೆ ಕೊಟ್ಟೆ. ಸೂಜಿ ಬರೀ 4 ಮಿಲಿಮೀಟರ್. ಮುಚ್ಚಳ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, "ಇಷ್ಟೇನಾ?" ಅಂದರು. ಉಪದೇಶಕ್ಕಿಂತ ಆ ಪೆನ್ನೇ ನನಗೆ ಹೆಚ್ಚು ಕೆಲಸ ಮಾಡಿಕೊಟ್ಟಿದೆ.

ಎಲ್ಲರಿಗೂ ಸ್ಪ್ಯಾನಿಷ್ ಬರುತ್ತದೆ ಅಂದುಕೊಳ್ಳುವಂತಿಲ್ಲ. ಮೆಕ್ಸಿಕೊದ ಒವಾಹಾಕಾ ರಾಜ್ಯದಿಂದ ಬಂದ ಹಲವರ ಮನೆಮಾತು ಮಿಕ್ಸ್ಟೆಕೊ, ಅಲ್ಲಿನ ಮೂಲನಿವಾಸಿಗಳ ಭಾಷೆ. ಕರ್ನಾಟಕದವರೆಲ್ಲ ಮನೆಯಲ್ಲಿ ಕನ್ನಡವನ್ನೇ ಆಡುತ್ತಾರೆ ಅಂತ ಹೊರಗಿನವರು ತಿಳಿದರೆ ತುಳುವರಿಗೆ ಹೇಗನ್ನಿಸುತ್ತದೋ ಹಾಗೆ. ಸ್ಪ್ಯಾನಿಷ್‌ನಲ್ಲಿ "ಸೀ, ಸೀ" (ಹೌದು, ಹೌದು) ಅಂತ ತಲೆಯಾಡಿಸುತ್ತಾರೆ, ಏನೂ ಅರ್ಥವಾಗಿರುವುದಿಲ್ಲ. ಅದಕ್ಕೆ ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಅಂತ ಕೇಳಿಯೇ ಫೋನ್ ದುಭಾಷಿಯನ್ನು ಕರೆಯುತ್ತೇವೆ. ಜೊತೆಗೆ ಬಂದ ಮಗುವಿನ ಕೈಲಿ ಅನುವಾದ ಮಾಡಿಸುವುದಿಲ್ಲ. ತುರ್ತು ಸಂದರ್ಭ ಬಿಟ್ಟರೆ ಅದು ಸಲ್ಲದು ಅಂತ 2016ರಲ್ಲೇ ನಿಯಮ ಬಂದಿದೆ. ನಿಯಮ ಇಲ್ಲದಿದ್ದರೂ, ಹತ್ತು ವರ್ಷದ ಹುಡುಗಿ ತನ್ನ ಅಪ್ಪನಿಗೆ ಕಿಡ್ನಿ ವಿಷಯ ಹೇಳಬೇಕಾ?

ಬೇಸಿಗೆಯ ತಲೆನೋವೇ ಬೇರೆ. ಜುಲೈನಲ್ಲಿ ಇಲ್ಲಿ 38 ಡಿಗ್ರಿ ದಾಟುವುದು ಮಾಮೂಲಿ, ಬಳಕೆಯಲ್ಲಿರುವ ಇನ್ಸುಲಿನ್ 30 ಡಿಗ್ರಿಗಿಂತ ಕೆಳಗಿರಬೇಕು. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಪೆನ್ ಬಿಟ್ಟರೆ ಮುಗಿಯಿತು. ಐಸ್ ಮೇಲೆ ನೇರವಾಗಿ ಇಟ್ಟು ಹೆಪ್ಪುಗಟ್ಟಿದರೂ ಕೆಟ್ಟಿತು. ಹಾಗಾಗಿ ದಿನಕ್ಕೊಂದು ಸಲದ ಇನ್ಸುಲಿನ್ ಸಾಕಾಗುವವರಿಗೆ ರಾತ್ರಿ ಹೊತ್ತಿಗೆ ಬರೆಯಲಾಗುತ್ತದಾ ಅಂತ ಡಾಕ್ಟರನ್ನು ಕೇಳುತ್ತೇನೆ. ಪೆನ್ ಮನೆಯಲ್ಲೇ ಉಳಿಯುತ್ತದೆ, ಮೇಸ್ತ್ರಿಯ ಎದುರು ಅಂಗಿ ಎತ್ತುವ ಮುಜುಗರವೂ ಇಲ್ಲ. ತೋಟಕ್ಕೆ ಹೋಗುವಾಗ ಜೇಬಿನಲ್ಲಿ ನಾಲ್ಕು ಮಿಠಾಯಿ ಇರಲೇಬೇಕು ಅನ್ನುತ್ತೇನೆ, ಸಕ್ಕರೆ ದಿಢೀರ್ ಇಳಿದರೆ ಬೇಕಾಗುತ್ತದೆ. ಅದಕ್ಕೆ ಮಾತ್ರ ಯಾರೂ ಇಲ್ಲ ಅನ್ನುವುದಿಲ್ಲ.